ಹಳೇ ಕಾರಿನ ‘ಮಿದುಳು’ ಕೆಟ್ಟಿತೇ? ಪರ್ಸ್ ಬಿಚ್ಚುವ ಮುನ್ನ...

ಹದಿನೈದು-ಇಪ್ಪತ್ತು ವರ್ಷದ ಕಾರು ಮನೆಯಲ್ಲಿದ್ದರೆ ಒಂದಲ್ಲ ಒಂದು ದಿನ ಮೆಕ್ಯಾನಿಕ್ ಬಾಯಿಂದ ಈ ಮಾತು ಕೇಳಬೇಕಾಗುತ್ತದೆ: “ಅಮ್ಮಾ, ಇಸಿಎಂ ಹೋಗಿದೆ, ಹೊಸದು ಹಾಕ್ಬೇಕು.” ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಗಾಬರಿಯಾಗಬೇಡಿ, ಸೋದರಿಯರೇ. ಹೋಗಿದೆ ಅಂದದ್ದೆಲ್ಲ ಹೋಗಿರುವುದಿಲ್ಲ. ಎಷ್ಟೋ ಸಲ ಪೆಟ್ಟಿಗೆ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಕರೆಂಟು ಬರುವ ದಾರಿಯಲ್ಲಿ ತೊಂದರೆಯಾಗಿರುತ್ತದೆ.

ಏನಿದು ಪೆಟ್ಟಿಗೆ?

1983ರಲ್ಲಿ ಮಾರುತಿ 800 ರಸ್ತೆಗಿಳಿದಾಗ ಪೆಟ್ರೋಲು-ಗಾಳಿ ಬೆರೆಸುವ ಕೆಲಸ ಕಾರ್ಬ್ಯುರೇಟರಿನದಾಗಿತ್ತು. 2000ದ ಸುಮಾರಿಗೆ ಅದೇ ಕಾರಿಗೆ ಎಂಪಿಎಫ್‌ಐ ಬಂತು. ಎಂಜಿನ್ನಿನ ಬಿಸಿ, ಒಳಬರುವ ಗಾಳಿ, ತಿರುಗುವ ವೇಗ ಇವನ್ನೆಲ್ಲ ಸೆನ್ಸರುಗಳಿಂದ ತಿಳಿದುಕೊಂಡು, ಎಷ್ಟು ಪೆಟ್ರೋಲು ಚಿಮ್ಮಬೇಕು, ಯಾವಾಗ ಕಿಡಿ ಹಾರಬೇಕು ಎಂದು ಲೆಕ್ಕ ಹಾಕುವುದು ಈ ಇಸಿಎಂ. 2014ರ ಜನವರಿಯಲ್ಲಿ 800ರ ತಯಾರಿಕೆ ನಿಂತರೂ ಅಂಥ ಕಾರುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ.

ಮೊದಲು ನೀವೇ ನೋಡಿ

ಕೀಲಿ ತಿರುಗಿಸಿ, ಆದರೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಆಕಾರದ ದೀಪ ಹತ್ತಬೇಕು. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್ ಅನ್ನಬೇಕು. ಎರಡೂ ಇಲ್ಲವೆಂದರೆ ಪೆಟ್ಟಿಗೆಗೆ ಕರೆಂಟೇ ತಲುಪಿಲ್ಲವೇನೋ! ಫ್ಯೂಸು, ಮೈನ್ ರಿಲೇ, ಅರ್ತ್ ತಂತಿ ಈ ಮೂರನ್ನು ನೋಡಿಸಿ.

ನಮ್ಮ ಬಡಾವಣೆಯ ಒಬ್ಬರಿಗೆ “ಕಂಪ್ಯೂಟರ್ ಸುಟ್ಟಿದೆ” ಎಂದೇ ಹೇಳಿದ್ದರು. ಇನ್ನೊಬ್ಬ ಮೆಕ್ಯಾನಿಕ್ ನೋಡಿದರೆ, ಅರ್ತ್ ತಂತಿಯ ಬೋಲ್ಟಿಗೆ ತುಕ್ಕು! ಉಜ್ಜಿ ಬಿಗಿ ಮಾಡಿದ, ಕಾರು ಹೊರಟಿತು.

ಬ್ಯಾಟರಿಯನ್ನೂ ಅಳೆಸಿ. ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. 15 ದಾಟಿತೆಂದರೆ ಆಲ್ಟರ್ನೇಟರಿನ ದೋಷ. ಅದನ್ನು ಸರಿಮಾಡದೆ ಹೊಸ ಪೆಟ್ಟಿಗೆ ಹಾಕಿದರೆ ಅದಕ್ಕೂ ಅದೇ ಗತಿ ಆದೀತು.

ಇನ್ನೊಂದು ಗುಟ್ಟು. ಹಲವು ಸೆನ್ಸರುಗಳಿಗೆ ಪೆಟ್ಟಿಗೆಯೇ 5 ವೋಲ್ಟ್ ಕೊಡುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಸಾಕು, ಪೆಟ್ಟಿಗೆಯೇ ಸತ್ತಂತೆ ಕಾಣಬಹುದು. ಕೀಲಿ ಆಫ್ ಮಾಡಿ ಒಂದೊಂದೇ ಪ್ಲಗ್ ಕಳಚಿ ಪರೀಕ್ಷಿಸಲು ಹೇಳಿ.

ಕಾಪಾಡುವುದು ಹೇಗೆ?

1. ನೀರೇ ದೊಡ್ಡ ಶತ್ರು. ಮುಂಗಾಜಿನ ಕೆಳಗಿನ ಜಾಲರಿಯಲ್ಲಿ ಎಲೆ-ಕಸ ಕಟ್ಟಿದರೆ ಮಳೆನೀರು ಒಳಗಿಳಿಯುತ್ತದೆ. ಕೆಲವು ಕಾರುಗಳಲ್ಲಿ ಪೆಟ್ಟಿಗೆ ಇರುವುದು ಡ್ಯಾಶ್‌ಬೋರ್ಡಿನ ಅಡಿಯಲ್ಲೇ! ಮಳೆಗಾಲಕ್ಕೆ ಮುಂಚೆ ಜಾಲರಿ ಗುಡಿಸಿ. ಕಾಲಡಿಯ ಮ್ಯಾಟು ಎತ್ತಿ ಒದ್ದೆಯಿದೆಯೇ ಮುಟ್ಟಿ ನೋಡಿ.

2. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಳಚಗೊಡಬೇಡಿ. ಆಗ ವೋಲ್ಟೇಜು ಒಮ್ಮೆಗೇ ಚಿಮ್ಮಿ ಪೆಟ್ಟಿಗೆಯನ್ನು ಸುಡಬಹುದು.

3. ಬೇರೆ ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವಾಗ ಪ್ಲಸ್ಸಿಗೆ ಪ್ಲಸ್ಸೇ ಸೇರಬೇಕು. ಲಾರಿಯ 24 ವೋಲ್ಟ್ ಅಂತೂ ಖಂಡಿತ ಬೇಡ.

4. ಕಾರಿಗೆ ವೆಲ್ಡಿಂಗ್ ಮಾಡಿಸುವ ಮುಂಚೆ ಬ್ಯಾಟರಿಯ ಮೈನಸ್ ತಂತಿ, ಇಸಿಎಂನ ಪ್ಲಗ್ಗು ಎರಡನ್ನೂ ಕಳಚಿಸಿ.

5. ಕಾರು ಬಹಳ ದಿನ ನಿಂತಿದ್ದರೆ ಇಲಿ ತಂತಿ ಕಡಿದಿದೆಯೇ ನೋಡಿ.

6. ಪ್ಲಗ್ಗಿನ ಪಿನ್ನಿಗೆ ಹಸಿರು ಕಿಲುಬು ಬಂದಿದ್ದರೆ ಸೀಮೆಎಣ್ಣೆ, ಮರಳು ಕಾಗದ ಬೇಡ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ, ಅದನ್ನೇ ಬಳಸಿ.

ಪೆಟ್ಟಿಗೆ ನಿಜವಾಗಿಯೂ ಕೆಟ್ಟಿದ್ದರೆ? ಒಳಗಿನ ಕೆಪಾಸಿಟರ್ ವಯಸ್ಸಾಗಿ ಒಣಗಿಯೋ ಸೋರಿಯೋ ಕೆಡುವುದುಂಟು. ತಿಳಿದವರು ಅಷ್ಟನ್ನೇ ಬದಲಿಸಿ ರಿಪೇರಿ ಮಾಡುತ್ತಾರೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರು ಹೊಂದಬೇಕು. ಇಮ್ಮೊಬಿಲೈಸರ್ ಇರುವ ಕಾರಾದರೆ ನಿಮ್ಮ ಕೀಲಿಗೆ ಹೊಂದಿಸಿಕೊಡುವವರೂ ಬೇಕು.

ಇನ್ನು ಮುಂದೆ ಯಾರಾದರೂ “ಇಸಿಎಂ ಹೋಗಿದೆ” ಅಂದರೆ, “ವೋಲ್ಟ್ ಅಳೆದ್ರಾ? ಅರ್ತ್ ನೋಡಿದ್ರಾ? ಸೆನ್ಸರ್ ಕಳಚಿ ನೋಡಿದ್ರಾ?” ಎಂದು ಕೇಳಿ. ಮೂರಕ್ಕೂ ಉತ್ತರ ಸಿಗುವ ತನಕ ಪರ್ಸ್ ಬಿಚ್ಚಬೇಡಿ!