ಮಾತು ನಿಂತ ಮೇಲಿನ ಪ್ರಾರ್ಥನೆ

ಪ್ರಾರ್ಥನೆಯೆಂದೊಡನೆ ನಮಗೆ ನೆನಪಾಗುವುದು ಬೇಡಿಕೆ. ಬೇಡುವುದು ತಪ್ಪೇನಲ್ಲ, ದಿನದ ಅನ್ನವನ್ನು ಬೇಡುವುದನ್ನು ಕ್ರಿಸ್ತನೇ ಶಿಷ್ಯರಿಗೆ ಕಲಿಸಿದನು. ಆದರೆ ಬೇಡಿದ್ದು ದೊರೆಯದಿದ್ದಾಗ ಪ್ರಾರ್ಥನೆ ಅಲ್ಲಿಗೇ ಮುಗಿಯಿತೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ.

ಖಾನಾಪುರದ ಮನೆಯಲ್ಲಿ ನಮ್ಮ ತಾಯಿಯವರು ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದರು. ನಾನು ಶನಿವಾರಕ್ಕೊಮ್ಮೆ ಬೆಳಗಾವಿಯಿಂದ ರೈಲಿನಲ್ಲಿ ಹೋಗಿ, ಅವರ ಮಂಚದ ಬಳಿ ಕುಳಿತು ಜಪಸರ ಹೇಳುತ್ತಿದ್ದೆ. ತಿಂಗಳುಗಳು ಕಳೆದರೂ ಗುಣ ಕಾಣಲಿಲ್ಲ. ಒಂದು ಸಂಜೆ ನನ್ನ ಮಾತೂ ನಿಂತಿತು. ಅವರ ಕೈ ನನ್ನ ಕೈಯಲ್ಲಿತ್ತು. ಬಹಳ ಹೊತ್ತು ಹಾಗೆಯೇ ಇದ್ದೆವು. ನಾನು ಪ್ರಾರ್ಥನೆಯಲ್ಲಿ ಸೋತೆನೆಂದೇ ಆಗ ಭಾವಿಸಿದ್ದೆ.

ಕ್ರೈಸ್ತ ಅನುಭಾವಿಗಳು ಹೇಳುವುದು ಬೇರೆ. ಬಾಯಿಂದ ನುಡಿಯುವ ಪ್ರಾರ್ಥನೆ ಒಂದು. ಮನಸ್ಸು ವಿಚಾರಿಸುವ ಧ್ಯಾನ ಇನ್ನೊಂದು. ನುಡಿಯೂ ಕಲ್ಪನೆಯೂ ಅಡಗಿ, ಪ್ರೀತಿಯಿಂದ ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು ಮೂರನೆಯದು. 14ನೆಯ ಶತಮಾನದಲ್ಲಿ ಹೆಸರು ತಿಳಿಸದ ಇಂಗ್ಲಿಷ್ ಲೇಖಕನೊಬ್ಬನು ಇದನ್ನು ಅರಿಯದಿರುವಿಕೆಯ ಮೇಘವೆಂದು ಕರೆದನು. ದೇವರು ಬುದ್ಧಿಯ ಹಿಡಿತಕ್ಕೆ ಸಿಗನು, ಪ್ರೀತಿಗೆ ಸಿಗುವನು ಎಂಬುದು ಅವನ ತಾತ್ಪರ್ಯ. ಸ್ಪೇನಿನ ಕಾರ್ಮೆಲ್ ಸಭೆಯ ಸಂತ ಶಿಲುಬೆಯ ಯೊವಾನ್ನರು (1542–1591) ಇದನ್ನು ರಾತ್ರಿಯೆಂದರು. ತಮ್ಮ ಸಭೆಯವರೇ 1577ರಲ್ಲಿ ಟೊಲೆಡೊದಲ್ಲಿ ಸೆರೆಯಿಟ್ಟಾಗ, ಆ ಕತ್ತಲಕೋಣೆಯಲ್ಲೇ ಅವರು ಕವಿತೆ ರಚಿಸಿದರು. ಪ್ರಾರ್ಥನೆ ಒಣಗಿದಂತೆ ತೋರುವ ಕಾಲವು ದೇವರು ದೂರ ಸರಿದ ಕಾಲವೇ ಆಗಬೇಕಾಗಿಲ್ಲ ಎಂಬುದು ಅವರ ಬೋಧನೆ.

ಅಲ್ಲಮನ ಬಯಲನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ನಮ್ಮ ಜಿಲ್ಲೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳು ಕಾವಿಯುಟ್ಟು, ತಮ್ಮ ನೆಲೆಯನ್ನು ಸ್ನಾನಿಕ ಅರುಳಪ್ಪನವರ ವಿರಕ್ತಮಠವೆಂದು ಕರೆದುದು ಈ ನೆರೆತನವನ್ನು ಅರಿತೇ ಇರಬೇಕು. ಆದರೂ ಬಯಲು, ರಾತ್ರಿ ಎರಡೂ ಒಂದೇ ಎಂದು ಹೇಳುವ ಆತುರ ಬೇಡ. ಯೊವಾನ್ನರ ಕತ್ತಲಲ್ಲಿ ಪ್ರೀತಿಸುವವನೂ ಪ್ರೀತಿಸಲ್ಪಡುವವನೂ ಕೊನೆಯವರೆಗೆ ಇದ್ದೇ ಇರುತ್ತಾರೆ.

ಇಲ್ಲಿ ರಹಸ್ಯವೆಂದರೆ ಬಿಡಿಸಬೇಕಾದ ಒಗಟಲ್ಲ. ತಿಳಿದಷ್ಟೂ ತಿಳಿಯಬೇಕಾದುದು ಉಳಿಯುವಂಥದು. ಹೆತ್ತ ತಾಯಿಯನ್ನಾದರೂ ನಾವು ಪೂರ್ತಿಯಾಗಿ ತಿಳಿದಿರುತ್ತೇವೆಯೆ? ತಿಳಿಯದುದರಿಂದ ಪ್ರೀತಿ ಕಡಿಮೆಯಾಗುವುದಿಲ್ಲ.

ತಾಯಿಯವರು ಮತ್ತೆ ಮಾತನಾಡಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡರು. ನಾನು ಬೇಡಿದ್ದು ದೊರೆಯಲಿಲ್ಲವೆಂಬುದನ್ನು ಸಿಹಿಮಾತಿನಿಂದ ಮರೆಸಲಾರೆ. ಆದರೆ ಆ ಸಂಜೆಯ ಮೌನವನ್ನು ಸೋಲೆಂದು ಈಗ ಕರೆಯಲಾರೆ. ಜಪಸರವನ್ನು ಇಂದಿಗೂ ಹೇಳುತ್ತೇನೆ, ಮುಗಿದೊಡನೆ ಏಳುವುದಿಲ್ಲ.