ಬೆಳೆಯ ಚಿತ್ರ ತೆಗೆಯುವಾಗ ಕ್ಯಾಮೆರಾ ಪರದೆಯ ಗುರುತುಗಳನ್ನು ಗಮನಿಸಿ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಬೆಳೆಯ ಛಾಯಾಚಿತ್ರಕ್ಕೂ ಅನ್ವಯಿಸುತ್ತದೆ. ಚಿತ್ರದಲ್ಲಿ ಬಿಳಿಚಿಕೊಂಡಂತೆ ಕಾಣುವ ಎಲೆ ನಿಜವಾಗಿಯೂ ಬಿಳಿಚಿಕೊಂಡಿರಬಹುದು; ಇಲ್ಲವೇ ಕ್ಯಾಮೆರಾದೊಳಕ್ಕೆ ಬೆಳಕು ಹೆಚ್ಚಾಗಿ ಬಿದ್ದು ಹಸಿರು ಎಲೆಯೇ ಹಾಗೆ ಕಂಡಿರಬಹುದು. ಚಿತ್ರವನ್ನಷ್ಟೇ ನೋಡಿ ಸಲಹೆ ನೀಡುವ ತಜ್ಞರಿಗೆ ಇವೆರಡರ ವ್ಯತ್ಯಾಸ ತಿಳಿಯುವುದು ಕಷ್ಟ.

ಇತ್ತೀಚಿನ ವರ್ಷಗಳಲ್ಲಿ ರೈತ ಬಾಂಧವರು ರೋಗ ಕಂಡೊಡನೆ ಬೆಳೆಯ ಚಿತ್ರ ತೆಗೆದು ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಕಳುಹಿಸುವುದು ವಾಡಿಕೆಯಾಗಿದೆ. ಆದ್ದರಿಂದ ಚಿತ್ರವನ್ನು ಸರಿಯಾಗಿ ತೆಗೆಯುವುದೂ ಬೇಸಾಯದ ಒಂದು ಕೆಲಸವೇ ಆಗಿದೆ.

ಚಿತ್ರ ತಪ್ಪಿದರೆ ಆಗುವ ನಷ್ಟ

ಭತ್ತದ ಬೆಂಕಿ ರೋಗವನ್ನೇ ತೆಗೆದುಕೊಳ್ಳೋಣ. ಎಲೆಯ ಮೇಲೆ ಎರಡೂ ತುದಿ ಚೂಪಾದ, ಕದಿರಿನಾಕಾರದ ಮಚ್ಚೆಗಳು ಬರುತ್ತವೆ. ಅವುಗಳ ನಡುಭಾಗ ಬೂದು, ಅಂಚು ಕಂದು. ಕಂದು ಚುಕ್ಕೆ ರೋಗದಲ್ಲಾದರೋ ಚುಕ್ಕೆಗಳು ಎಳ್ಳಿನ ಕಾಳಿನಂತೆ ಅಂಡಾಕಾರವಾಗಿರುತ್ತವೆ. ಬೆಳಕು ಹೆಚ್ಚಾದರೆ ಬೂದು ಬಣ್ಣವೂ ಎಲೆಯ ಹಸಿರೂ ಒಂದಾಗಿ, ಎಲೆ ಹಳದಿಯಾಗಿದೆ ಎಂದಷ್ಟೇ ತೋರುತ್ತದೆ. ಬೆಳಕು ಕಡಿಮೆಯಾದರೆ ಬೂದು ನಡುಭಾಗವೂ ಕಪ್ಪಿಟ್ಟು, ಕಂದು ಚುಕ್ಕೆ ರೋಗವೆಂಬ ಭ್ರಮೆ ಹುಟ್ಟಬಹುದು.

ಇಂತಹ ಚಿತ್ರವನ್ನು ನಂಬಿ ಸಾರಜನಕದ ಕೊರತೆಯೆಂದು ಯೂರಿಯಾ ಮೇಲುಗೊಬ್ಬರ ಕೊಟ್ಟರೆ ಬೆಂಕಿ ರೋಗ ಮತ್ತಷ್ಟು ಉಲ್ಬಣಿಸುತ್ತದೆ. ಸಾರಜನಕ ಹೆಚ್ಚಾದಷ್ಟೂ ಈ ರೋಗ ಪ್ರಬಲವಾಗುವುದು ತಿಳಿದ ಸಂಗತಿ. ಗೊಬ್ಬರದ ಹಣ ಹೋಗುವುದಲ್ಲದೆ ಪೈರೂ ಕೈಬಿಟ್ಟು ಹೋಗುತ್ತದೆ.

ಪರದೆಯ ಹೊಳಪನ್ನು ನಂಬಬೇಡಿ

ಮಾರಾಟಕ್ಕೆ ಬಂದ ಡಿಜಿಟಲ್ ಕ್ಯಾಮೆರಾಗಳಲ್ಲಿ ಬೆನ್ನಿಗೆ ಪುಟ್ಟ ಪರದೆಯನ್ನು ಮೊದಲಿಗೆ ಅಳವಡಿಸಿದ್ದು 1995ರಲ್ಲಿ, ಜಪಾನಿನ ಕ್ಯಾಸಿಯೋ ಕಂಪನಿಯ ಕ್ಯೂವಿ-10 ಮಾದರಿಯಲ್ಲಿ. ತೆಗೆದ ಚಿತ್ರವನ್ನು ಅಲ್ಲಿಯೇ ನೋಡುವ ಅನುಕೂಲ ಅದರಿಂದ ದೊರೆಯಿತು. ಆದರೆ ಪರದೆ ಕಣ್ಣಿಗೆ ಮೋಸ ಮಾಡುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಒಳ್ಳೆಯ ಚಿತ್ರವೂ ಮಂಕಾಗಿ ಕಾಣುತ್ತದೆ. ಮನೆಯೊಳಗೆ ಮಂಕಾದ ಚಿತ್ರವೂ ಹೊಳೆಯುತ್ತದೆ. ಆದ್ದರಿಂದ ಪರದೆಯ ಹೊಳಪಿಗಿಂತ ಅದರ ಮೇಲೆ ಮೂಡುವ ಗುರುತುಗಳನ್ನು ಆಧಾರವಾಗಿಟ್ಟುಕೊಳ್ಳುವುದು ಲೇಸು.

ಹಿಸ್ಟೋಗ್ರಾಮ್ ಎಂದರೇನು?

ಚಿತ್ರವು ಲಕ್ಷಾಂತರ ಚುಕ್ಕೆಗಳಿಂದ ಆಗಿರುತ್ತದೆ. ಕಣದಲ್ಲಿ ಕಾಳನ್ನು ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ರಾಶಿ ಮಾಡುವ ಹಾಗೆ, ಈ ಚುಕ್ಕೆಗಳನ್ನು ಹೊಳಪಿಗೆ ತಕ್ಕಂತೆ ರಾಶಿ ಹಾಕಿ ತೋರಿಸುವ ನಕ್ಷೆಯೇ ಹಿಸ್ಟೋಗ್ರಾಮ್. ಸಾಮಾನ್ಯ ಚಿತ್ರದಲ್ಲಿ ಕಡುಗಪ್ಪಿಗೆ 0, ಅಚ್ಚ ಬಿಳುಪಿಗೆ 255 ಎಂದು ಲೆಕ್ಕ. ಕಪ್ಪು ಎಡತುದಿಯಲ್ಲಿ, ಬಿಳುಪು ಬಲತುದಿಯಲ್ಲಿ ಇರುತ್ತದೆ.

ರಾಶಿ ಬಲತುದಿಯ ಗೋಡೆಗೆ ಒತ್ತರಿಸಿಕೊಂಡಿದ್ದರೆ ಬೆಳಕು ಹೆಚ್ಚಾಗಿದೆ ಎಂದರ್ಥ. ಹೀಗೆ ಪೂರ್ತಿ ಬೆಳ್ಳಗಾದ ಜಾಗದ ವಿವರವನ್ನು ಆ ಚಿತ್ರದಿಂದ ಮತ್ತೆ ಪಡೆಯಲಾಗದು. ಎಡತುದಿಗೆ ಒತ್ತರಿಸಿದ್ದರೆ ಕತ್ತಲಾದ ಭಾಗದ ವಿವರ ಹೋಗಿದೆ. ಎಲ್ಲ ಚಿತ್ರಗಳ ರಾಶಿಯೂ ಒಂದೇ ಆಕಾರದಲ್ಲಿ ಇರಬೇಕೆಂದೇನೂ ಇಲ್ಲ. ಎರೆಮಣ್ಣು ಹೆಚ್ಚಾಗಿರುವ ಚಿತ್ರದಲ್ಲಿ ರಾಶಿ ಎಡಕ್ಕೆ ವಾಲುವುದು ಸಹಜ.

ಕೆಲವು ಕ್ಯಾಮೆರಾಗಳಲ್ಲಿ ಅತಿ ಬೆಳಕಿನ ಜಾಗದ ಮೇಲೆ ಓರೆ ಗೆರೆಗಳು ಹರಿದಾಡುತ್ತವೆ. ಇವಕ್ಕೆ ಜೀಬ್ರಾ ಪಟ್ಟಿ ಎನ್ನುತ್ತಾರೆ. ಇನ್ನು ಕೆಲವದರಲ್ಲಿ ಚಿತ್ರ ತೆಗೆದ ಮೇಲೆ ಆ ಜಾಗ ಮಿನುಗುತ್ತದೆ. ಆಕಾಶದ ಮೇಲೆ ಪಟ್ಟಿ ಬಂದರೆ ಚಿಂತೆಯಿಲ್ಲ. ರೋಗ ತಗುಲಿದ ಎಲೆಯ ಮೇಲೆ ಬಂದರೆ ಬೆಳಕನ್ನು ತಗ್ಗಿಸಲೇಬೇಕು.

ಬೆಳಕನ್ನು ತಿದ್ದುವ ಬಗೆ

ಎದುರಿಗಿರುವುದು ಕಪ್ಪೋ ಬಿಳುಪೋ ಎಂಬ ವಿವೇಚನೆ ಕ್ಯಾಮೆರಾಗೆ ಸಾಲದು. ಅದು ಎಲ್ಲವನ್ನೂ ಮಧ್ಯಮ ಹೊಳಪಿಗೆ ತರಲು ಯತ್ನಿಸುತ್ತದೆ. ಎರೆಭೂಮಿಯಲ್ಲಿನ ಸಸಿಯ ಚಿತ್ರ ತೆಗೆಯುವಾಗ ಕಪ್ಪು ಮಣ್ಣನ್ನು ಕಂಡು ಬೆಳಕು ಹೆಚ್ಚಿಸುತ್ತದೆ; ಸಸಿಯ ಎಲೆ ಬಿಳಿಚಿಕೊಳ್ಳುತ್ತದೆ. ಅರಳಿದ ಹತ್ತಿಯ ಎದುರಿನಲ್ಲಿ ಬೆಳಕು ತಗ್ಗಿಸುತ್ತದೆ, ಎಲೆ ಕಪ್ಪಾಗುತ್ತದೆ.

ಇದನ್ನು ಸರಿಪಡಿಸಲು + ಮತ್ತು − ಗುರುತಿನ ಗುಂಡಿ ಇರುತ್ತದೆ. +1 ಎಂದರೆ ಬೆಳಕು ಎರಡರಷ್ಟು, −1 ಎಂದರೆ ಅರ್ಧದಷ್ಟು. ಹಲವು ಫೋನುಗಳಲ್ಲಿ ಪರದೆಯ ಮೇಲಿನ ಎಲೆಯನ್ನು ಬೆರಳಿನಿಂದ ಮುಟ್ಟಿದರೆ ಸೂರ್ಯನಂತಹ ಗುರುತು ಮೂಡುತ್ತದೆ. ಅದನ್ನು ಜರುಗಿಸಿ ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು. ಎರೆಮಣ್ಣಿನ ಮೇಲೆ −, ಬಿಳಿ ಹಿನ್ನೆಲೆಯಲ್ಲಿ + ಎಂದು ನೆನಪಿಟ್ಟರೆ ಸಾಕು.

ಚೌಕಗಳು ಮತ್ತು ಮಟ್ಟದ ಗುರುತು

ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಗ್ರಿಡ್ ಎಂಬುದನ್ನು ಆರಿಸಿದರೆ ಪರದೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆಗಳು ಮೂಡಿ 9 ಚೌಕಗಳಾಗುತ್ತವೆ. ಅಂದದ ಚಿತ್ರ ಬೇಕಾದವರು ಮುಖ್ಯ ವಸ್ತುವನ್ನು ಗೆರೆಗಳು ಕೂಡುವಲ್ಲಿ ಇಡುತ್ತಾರೆ. ರೋಗಪರೀಕ್ಷೆಗಾದರೆ ಮಚ್ಚೆಯು ನಡುವಿನ ಚೌಕದಲ್ಲಿರಲಿ.

ವಾರ ವಾರದ ಬೆಳವಣಿಗೆ ಹೋಲಿಸಲು ಬದುವನ್ನು ಪ್ರತಿ ಸಲವೂ ಕೆಳಗಿನ ಅಡ್ಡಗೆರೆಗೆ ಹೊಂದಿಸಿ, ಒಂದೇ ಜಾಗದಲ್ಲಿ ನಿಂತು ಚಿತ್ರ ತೆಗೆಯಬೇಕು. ಮಟ್ಟ ತೋರಿಸುವ ಗುರುತನ್ನೂ ಬಳಸಬೇಕು. ಇಲ್ಲದಿದ್ದರೆ ಒರಗಿರುವುದು ಪೈರೋ ಕ್ಯಾಮೆರಾವೋ ಎಂಬುದೇ ತಿಳಿಯದು.

ಅನುಸರಿಸಬೇಕಾದ ಕ್ರಮ

1. ಒಂದು ಬೆಳೆಗೆ ಕನಿಷ್ಠ 3 ಚಿತ್ರಗಳಿರಲಿ: ಹೊಲದ ನೋಟ, ಇಡೀ ಗಿಡ, ರೋಗವಿರುವ ಎಲೆ. ಸಾರಜನಕದ ಕೊರತೆ ಕೆಳಗಿನ ಹಳೆಯ ಎಲೆಗಳಲ್ಲಿಯೂ ಕಬ್ಬಿಣದ ಕೊರತೆ ತುದಿಯ ಎಳೆ ಎಲೆಗಳಲ್ಲಿಯೂ ಮೊದಲು ಕಾಣುವುದರಿಂದ ಇಡೀ ಗಿಡದ ಚಿತ್ರ ಅವಶ್ಯ.

2. ಅರ್ಧ ಬಿಸಿಲು, ಅರ್ಧ ನೆರಳು ಬಿದ್ದ ಎಲೆ ಬೇಡ. ಕಪ್ಪು ಕೊಡೆಯ ನೆರಳು ಒಳ್ಳೆಯದು. ಬಣ್ಣದ ಕೊಡೆ ಎಲೆಗೂ ಬಣ್ಣ ಹಚ್ಚುತ್ತದೆ.

3. ಎಲೆಯನ್ನು ಮುಟ್ಟಿ ನೋಟ ಸ್ಪಷ್ಟಪಡಿಸಿ, ಹಿಸ್ಟೋಗ್ರಾಮ್ ಅಥವಾ ಪಟ್ಟಿಗಳಿದ್ದರೆ ನೋಡಿ ಬೆಳಕನ್ನು ತಿದ್ದಿರಿ. ಇವು ಇಲ್ಲದ ಫೋನಿನಲ್ಲಿ ಬೆಳಕನ್ನು ಬದಲಿಸಿ 3 ಚಿತ್ರ ತೆಗೆದು, ಎಲೆಯ ನರಗಳು ಸ್ಪಷ್ಟವಾಗಿ ಕಾಣುವುದನ್ನು ಆರಿಸಿರಿ.

4. ಬಣ್ಣ ಬದಲಿಸುವ ಫಿಲ್ಟರುಗಳನ್ನು ಬಳಸಬೇಡಿ.

5. ತಳಿ, ಬಿತ್ತಿದ ದಿನ, ಕೊಟ್ಟ ಗೊಬ್ಬರ, ಸಿಂಪಡಿಸಿದ ಔಷಧಿಗಳನ್ನು ಜೊತೆಗೆ ಬರೆದು ಕಳುಹಿಸಿರಿ.

ಬೇರು ಕೊಳೆ, ಜಂತುಹುಳುಗಳ ಬಾಧೆ ಮುಂತಾದವು ಎಲೆಯ ಚಿತ್ರದಿಂದ ನಿರ್ಧಾರವಾಗುವುದಿಲ್ಲ. ಸಂದೇಹವಿದ್ದಾಗ ಗಿಡವನ್ನು ಬೇರು, ಮಣ್ಣಿನ ಸಮೇತ ಸಮೀಪದ ಕೇಂದ್ರಕ್ಕೆ ತರಬೇಕು. ಉಳಿದಂತೆ, ಗುಂಡಿ ಒತ್ತುವ ಮೊದಲು ಅರೆಗಳಿಗೆ ಪರದೆಯ ಗುರುತುಗಳನ್ನು ಗಮನಿಸಿದರೆ ಅನಾವಶ್ಯಕ ಸಿಂಪರಣೆಯ ಖರ್ಚನ್ನು ಉಳಿಸಬಹುದು. ಇದಕ್ಕೆ ಬೇರೆ ಹಣ ಬೇಕಿಲ್ಲ. ಈ ಸೌಲಭ್ಯಗಳಲ್ಲಿ ಕೆಲವಾದರೂ ಕೈಯಲ್ಲಿರುವ ಫೋನಿನಲ್ಲಿಯೇ ಇರುತ್ತವೆ.