ಬಚ್ಚಲನ್ನು ಕಾಯುವ ಎರಡಂಗುಲ ನೀರು

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದವರು ತಿಂಗಳ ನಂತರ ಬಂದು ಬೀಗ ತೆಗೆದಾಗ ಗಬ್ಬುನಾತ ಮೂಗಿಗೆ ಬಡಿಯುವುದುಂಟು. ಇಲಿ ಸತ್ತಿರಬೇಕೆಂದು ಅಟ್ಟ, ಮಂಚದಡಿಯೆಲ್ಲ ಹುಡುಕುತ್ತಾರೆ. ಇಲಿ ಸಿಗುವುದಿಲ್ಲ. ನಾತದ ಮೂಲ ಬಚ್ಚಲುಮನೆ.

ವಾಶ್‌ಬೇಸಿನ್ನಿನ ಕೆಳಗೆ ಬಗ್ಗಿ ನೋಡಿದರೆ ಅನೇಕ ಮನೆಗಳಲ್ಲಿ ಕೊಳವೆ ನೇರವಾಗಿ ಹೋಗಿರುವುದಿಲ್ಲ. ಕೆಳಗಿಳಿದು, ಡೊಂಕಾಗಿ ಮೇಲೇರಿ, ಆಮೇಲೆ ಚರಂಡಿಯತ್ತ ಸಾಗುತ್ತದೆ. ಈ ಡೊಂಕೇ ಟ್ರ್ಯಾಪ್. ಬಚ್ಚಲಿನ ನೆಲದ ಜಾಲರಿಯ ಕೆಳಗೂ ಇಂಥದ್ದೊಂದು ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸುಮಾರು 5 ಸೆಂಟಿಮೀಟರ್ ನೀರು ನಿಂತಿದ್ದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮುಂತಾದ ಚರಂಡಿಯ ಅನಿಲಗಳನ್ನು ತಡೆಯುತ್ತದೆ.

ಇಷ್ಟು ನೀರು ಏನು ತಡೆದೀತು ಎಂದು ವಿದ್ಯಾರ್ಥಿಗಳು ಕೇಳಬಹುದು. ಲೆಕ್ಕ ಹಾಕಿದರೆ ಅದರ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 200ನೇ ಒಂದು ಭಾಗ ಮಾತ್ರ. ಆದರೆ ಚರಂಡಿಯ ಗಾಳಿಗೆ ಹೊರಹೋಗಲು ತಾರಸಿಯವರೆಗೆ ಗಾಳಿಕೊಳವೆ ಇದ್ದರೆ ಅಷ್ಟೇ ಸಾಕು.

ನೀರಿನಿಂದ ತೊಳೆದುಹೋಗುವ ಶೌಚದ ವಿವರವನ್ನು ಇಂಗ್ಲೆಂಡಿನ ಜಾನ್ ಹ್ಯಾರಿಂಗ್ಟನ್ 1596ರಲ್ಲೇ ಬರೆದಿದ್ದ. ಜನ ಅದನ್ನು ಒಪ್ಪಿಕೊಳ್ಳಲಿಲ್ಲ. 1775ರಲ್ಲಿ ಕೊಳವೆಯನ್ನು ಬಗ್ಗಿಸಿ ನೀರು ನಿಲ್ಲಿಸುವ ಶೌಚಕ್ಕೆ ಪೇಟೆಂಟ್ ಪಡೆದವನು ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್. ದೊರೆ ಮೂರನೇ ಜಾರ್ಜ್‌ಗೆ ವಾಯುಭಾರವನ್ನೂ ದಾಖಲಿಸುವ ಗಡಿಯಾರ ಮಾಡಿಕೊಟ್ಟಿದ್ದವನೂ ಇವನೇ. ಗಾಳಿಯ ಒತ್ತಡದ ಸಂಗತಿ ಅವನಿಗೆ ಹೊಸದೇನಲ್ಲ!

ಈ ನೀರು ಆರಿದರೆ ಬರುವುದು ನಾತ ಮಾತ್ರವೇ? 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ರೋಗ ತಗುಲಿತು. 42 ಮಂದಿ ಸತ್ತರು. ಅಲ್ಲಿನವರು ಬಚ್ಚಲಿನ ನೆಲಕ್ಕೆ ನೀರು ಸುರಿಯದೆ ಒರೆಸುತ್ತಿದ್ದುದರಿಂದ ಟ್ರ್ಯಾಪ್‌ಗಳು ಒಣಗಿದ್ದವು. ಗಾಳಿ ಹೊರದೂಡುವ ಫ್ಯಾನ್ ಹಾಕಿದಾಗ ಮಲಕೊಳವೆಯಲ್ಲಿದ್ದ ಸೋಂಕಿನ ಹನಿಗಳು ಆ ದಾರಿಯಿಂದ ಮನೆಯೊಳಕ್ಕೆ ಸೆಳೆಯಲ್ಪಟ್ಟಿರಬೇಕೆಂದು ತನಿಖೆ ಹೇಳಿತು. ನೆಲ ಒಣಗಿರಬೇಕೆಂಬ ಹೊಸ ಮಾದರಿಯ ಬಚ್ಚಲುಗಳು ನಮ್ಮ ನಗರಗಳಿಗೂ ಬಂದಿವೆ.

ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ನೆಲದಡಿಯ ಟ್ರ್ಯಾಪನ್ನು ಮೇಸ್ತ್ರಿಗೆ ಬಿಡುತ್ತಾರೆ. ಕಾಂಕ್ರೀಟ್ ಮುಚ್ಚುವ ಮೊದಲೇ ಅದನ್ನು ಕಣ್ಣಾರೆ ನೋಡಬೇಕು. ಮುಚ್ಚಿದ ಮೇಲೆ ನೋಡಲು ಟೈಲ್ಸನ್ನೇ ಒಡೆಯಬೇಕಾದೀತು. ಒಂದು ಕಡೆ ನೀರು ಸುರಿದಾಗ ಇನ್ನೊಂದು ಕಡೆ 'ಗುಳಗುಳ' ಸದ್ದಾದರೆ ಗಾಳಿಕೊಳವೆ ಇಲ್ಲವೆಂದೋ ಕಟ್ಟಿಕೊಂಡಿದೆಯೆಂದೋ ಅನುಮಾನಿಸಬಹುದು. ರಭಸದಿಂದ ಇಳಿಯುವ ನೀರು ಪಕ್ಕದ ಟ್ರ್ಯಾಪಿನ ನೀರನ್ನೂ ಎಳೆದೊಯ್ಯುವ ಸದ್ದು ಅದು.

ಊರಿಗೆ ಹೊರಡುವ ದಿನ ಬಾಗಿಲು ಹಾಕುವ ಮುನ್ನ ಪ್ರತಿ ಜಾಲರಿಗೂ ಒಂದು ತಂಬಿಗೆ ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಬೇಕು. ನೀರಿಗಿಂತ ಹಗುರವಾದ ಎಣ್ಣೆ ಮೇಲೆ ತೇಲಿ, ನೀರು ಬೇಗ ಆವಿಯಾಗದಂತೆ ತಡೆಯುತ್ತದೆ.